ಎರಡನೇ ಸಲ ಬಡಿಸದ ಊಟ



ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ನಿಂತು ನೋಡಿ. ಬೆನ್ನಿಗೆ ಚೌಕದ ಚೀಲ ಏರಿಸಿಕೊಂಡ ಬೈಕಿನ ಹುಡುಗರು ನಾಲ್ಕೂ ದಿಕ್ಕಿಗೆ ಓಡುತ್ತಿರುತ್ತಾರೆ. ಆ ಚೀಲಗಳಲ್ಲಿ ಬಿರಿಯಾನಿ, ನೂಡಲ್ಸ್, ಮಸಾಲೆದೋಸೆ ಎಲ್ಲ ಇರುತ್ತದೆ. ಇತ್ತೀಚೆಗೆ ಅವುಗಳ ಮಧ್ಯೆ ಇನ್ನೊಂದು ಡಬ್ಬಿ ಜಾಗ ಮಾಡಿಕೊಂಡಿದೆ. ಅದರ ಮುಚ್ಚಳದ ಮೇಲೆ ಒಳಗಿರುವ ಊಟದಲ್ಲಿ ಎಷ್ಟು ಕ್ಯಾಲೊರಿ, ಎಷ್ಟು ಗ್ರಾಂ ಪ್ರೊಟೀನ್ ಎಂದು ಬರೆದ ಚೀಟಿ ಅಂಟಿಸಿರುತ್ತಾರೆ. ತಿಂಗಳ ದುಡ್ಡು ಮೊದಲೇ ಕಟ್ಟಬೇಕು. ಕಟ್ಟಿದರೆ ಒಂದು ಹೊತ್ತಿನದ್ದೋ ಮೂರು ಹೊತ್ತಿನದ್ದೋ, ಅಳೆದು ತೂಗಿ ಬಾಗಿಲಿಗೆ ತಂದುಕೊಡುತ್ತಾರೆ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬ ತಲೆಬಿಸಿ ತಿನ್ನುವವನಿಗಿಲ್ಲ. ಊರಲ್ಲಿ ಇದಕ್ಕೆ ಡಯಟ್ ಡಬ್ಬಿ ಎನ್ನುತ್ತಾರೆ.

ಈ ಡಬ್ಬಿಯ ಬಗ್ಗೆ ಇವತ್ತು ನಾಲ್ಕು ಮಾತು. ನಾನು ವೈದ್ಯನಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವ, ಉಡುಪಿಯ ಕುಂಜಿಬೆಟ್ಟಿನಲ್ಲಿ ಮನೆ. ನಾಲ್ಕೈದು ಕಿಲೊ ಇಳಿಸಿ ಎಂದು ಡಾಕ್ಟರು ಹೇಳಿದ್ದೇ ತಡ, ಮಣಿಪಾಲದಲ್ಲಿ ಕೆಲಸಕ್ಕಿರುವ ಮಗಳು "ಅಪ್ಪ, ನೀವು ಸುಮ್ಮನಿರಿ" ಎಂದು ಡಬ್ಬಿಗೆ ಹೇಳಿಯೇಬಿಟ್ಟಳು. ಹಾಗಾಗಿ ತಿಂದವನ ಅಧಿಕಾರದಲ್ಲಿ ಮಾತಾಡುತ್ತಿದ್ದೇನೆ. ಪುರುಸೊತ್ತು ಇರುವ ಕಾರಣ ಸ್ವಲ್ಪ ಓದಿದ್ದೂ ಉಂಟು.

ನಾಲ್ಕೈದು ಕಿಲೊ ಒಂದು ದೊಡ್ಡ ವಿಷಯವಾ ಎಂದು ಕೇಳಬಹುದು. ನಮ್ಮ ಮೈಗೆ ಅದು ದೊಡ್ಡದೇ. ಭಾರತದವರಲ್ಲಿ ಕೊಬ್ಬು ಬಂದು ಕೂರುವುದು ಹೊಟ್ಟೆಯ ಸುತ್ತ. ಅದಕ್ಕೇ ನಮಗೆ ತೂಕದ ಗಡಿಯನ್ನೂ ಕೆಳಗೆ ಎಳೆದಿದ್ದಾರೆ. ಬಿ.ಎಂ.ಐ. ಎಂಬ ಲೆಕ್ಕ ನಿಮಗೆ ಗೊತ್ತಿರಬಹುದು, ಕಿಲೊದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸುವುದು. ಯುರೋಪಿನವರಿಗೆ ಅದು 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು. ನಮಗೆ 23 ಮತ್ತು 25. ಐದಡಿ ಮೂರಿಂಚು, ಅಂದರೆ 160 ಸೆಂಟಿಮೀಟರ್ ಎತ್ತರದವರು 59 ಕಿಲೊ ದಾಟುವಾಗಲೇ ಹೆಚ್ಚು ತೂಕದವರು, 64 ದಾಟಿದರೆ ಬೊಜ್ಜಿನವರು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದರ ವರದಿ 2023ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು 40 ವಯಸ್ಕರದ್ದು ಡೊಳ್ಳುಹೊಟ್ಟೆ, 11 ಮಂದಿಗೆ ಸಕ್ಕರೆ ಕಾಯಿಲೆ, ಇನ್ನೂ 15 ಮಂದಿ ಆ ಕಾಯಿಲೆಯ ಹೊಸ್ತಿಲಲ್ಲಿ.

ಹೊಸ್ತಿಲಲ್ಲಿ ಇರುವವರಿಗೇ ಈ ನಾಲ್ಕೈದು ಕಿಲೊದ ಬೆಲೆ ಹೆಚ್ಚು. ಅಮೆರಿಕದಲ್ಲಿ ಅಂಥವರಿಗೆ ತೂಕದಲ್ಲಿ ಶೇಕಡಾ 7 ಇಳಿಸಬೇಕು, ವಾರಕ್ಕೆ 150 ನಿಮಿಷ ನಡೆಯಬೇಕು ಎಂಬ ಗುರಿ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಸುಮ್ಮನೆ ಬಿಟ್ಟವರಿಗೆ ಹೋಲಿಸಿದರೆ ಅವರಲ್ಲಿ ಸಕ್ಕರೆ ಕಾಯಿಲೆ ಶೇಕಡಾ 58ರಷ್ಟು ಕಡಿಮೆ ಬಂತು. 2002ರಲ್ಲಿ ಪ್ರಕಟವಾದ ಲೆಕ್ಕ ಇದು. 70 ಕಿಲೊದವರಿಗೆ ಶೇಕಡಾ 7 ಎಂದರೆ ಐದು ಕಿಲೊಗೆ ಸ್ವಲ್ಪ ಕಡಿಮೆ. ಸಿನಿಮಾ ನಟರ ಹಾಗೆ ಆಗಬೇಕಾಗಿಲ್ಲ, ಅಂಗಿಯ ಗುಂಡಿ ಸಲೀಸಾಗಿ ಬಿದ್ದರೆ ಸಾಕು.

ಈಗ ಡಬ್ಬಿ ಬಿಚ್ಚೋಣ. ಕಪ್ಪು ಪ್ಲಾಸ್ಟಿಕ್ಕಿನದ್ದು, ಒಳಗೆ ಮೂರು ಮನೆ. ದೊಡ್ಡ ಮನೆಯಲ್ಲಿ ಹಬೆಯಲ್ಲಿ ಬೆಂದ ಬೀನ್ಸ್, ಕ್ಯಾರೆಟ್, ಬ್ರೊಕೊಲಿ. ಇನ್ನೊಂದರಲ್ಲಿ ಕೆಂಪಕ್ಕಿಯ ಅನ್ನ, ಒಂದು ಮುಷ್ಟಿಗಿಂತ ತುಸು ಹೆಚ್ಚು. ಮೂರನೆಯದರಲ್ಲಿ ಎಣ್ಣೆ ಸೋಕಿಸಿದ ಹಾಗೆ ಮಾಡಿ ಸುಟ್ಟ ಕೋಳಿಯ ಎದೆಭಾಗ, ಮೇಲೆ ಕಾಳುಮೆಣಸಿನ ಪುಡಿ. ಮೂಲೆಯಲ್ಲಿ ಹೆಬ್ಬೆರಳಿನಷ್ಟಗಲದ ಕುಪ್ಪಿಯಲ್ಲಿ ಪುದಿನ ಚಟ್ನಿ. ಮುಚ್ಚಳದಲ್ಲಿ 420 ಕ್ಯಾಲೊರಿ ಎಂದಿತ್ತು. ನನ್ನ ಹೆಂಡತಿ ಬಗ್ಗಿ ನೋಡಿ, "ಇದು ಊಟವಾ, ಊಟದ ಫೋಟೊವಾ?" ಎಂದಳು.

ಫೋಟೊವೇ ಇರಲಿ ಎಂದು ಅಡುಗೆಮನೆಯ ತಕ್ಕಡಿಯಲ್ಲಿ ಅನ್ನ ಇಟ್ಟೆ. 120 ಗ್ರಾಂ ಬಂತು. "ದಿನಾ ನನಗೆ ಬಡಿಸುವ ಹಾಗೆ ಒಮ್ಮೆ ಬಡಿಸು" ಎಂದು ಅವಳಿಗೆ ಹೇಳಿ ಆ ಬಟ್ಟಲನ್ನೂ ತೂಗಿದೆ. ಮೊದಲ ಸಲ ಹಾಕಿದ್ದೇ 300 ಗ್ರಾಂ ದಾಟಿತು. ನಮ್ಮಲ್ಲಿ ಊಟ ಅಲ್ಲಿಗೆ ಮುಗಿಯುವುದಿಲ್ಲವಲ್ಲ. ಸಾರಿಗೊಂದು ಸಲ, ಪದಾರ್ಥಕ್ಕೊಂದು ಸಲ, ಕೊನೆಗೆ ಮಜ್ಜಿಗೆಗೆ ಒಂದು ತುತ್ತು. ಬೆಂದ ಅನ್ನಕ್ಕೆ ನೂರು ಗ್ರಾಮಿಗೆ ಸುಮಾರು 130 ಕ್ಯಾಲೊರಿ ಎಂದು ಹಿಡಿಯಿರಿ. ನನ್ನ ಮಧ್ಯಾಹ್ನದ ಅನ್ನವೊಂದೇ ಇಡೀ ಡಬ್ಬಿಯನ್ನು ನುಂಗಿ ಹಾಕುತ್ತಿತ್ತು. ಅದರ ಮೇಲೆ ತೆಂಗಿನಕಾಯಿ. ನೂರು ಗ್ರಾಂ ಹಸಿ ತುರಿಯಲ್ಲಿ 350ಕ್ಕೂ ಹೆಚ್ಚು ಕ್ಯಾಲೊರಿ ಉಂಟು. ಅಷ್ಟು ತುರಿ ನಮ್ಮ ಒಂದು ಗಸಿಗೆ ಸಾಲುವುದಿಲ್ಲ ಎಂಬುದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು.

ಉಡುಪಿಯ ಊಟಕ್ಕೆ ಲೋಕದಲ್ಲಿ ಹೆಸರಿದೆ. ಅದರ ಗುಟ್ಟು ಮಸಾಲೆಯಲ್ಲಿದೆ ಎಂದು ಹೊರಗಿನವರು ತಿಳಿದಿದ್ದಾರೆ. ನನ್ನನ್ನು ಕೇಳಿದರೆ ಗುಟ್ಟು ಇರುವುದು ಎರಡನೇ ಸುತ್ತಿನಲ್ಲಿ. ಪಂಕ್ತಿಯಲ್ಲಿ ಕೂತು ನೋಡಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಅನ್ನ, ಸಾರು, ಹುಳಿ, ಮೆಣಸ್ಕಾಯಿ, ಕರಿದದ್ದು, ಸಿಹಿ, ಪಾಯಸ, ಮಜ್ಜಿಗೆ. ಇದು ಒಂದು ಸುತ್ತು. ನಿಜವಾದ ಊಟ ಶುರುವಾಗುವುದು ಬಡಿಸುವವ ತಿರುಗಿ ಬಂದಾಗ. ಸಾಕು ಎಂದರೆ ಸಂಕೋಚ ಎಂದುಕೊಳ್ಳುತ್ತಾನೆ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಿಂದ ಪಾಯಸ ಇಳಿಯುತ್ತದೆ. ಇಷ್ಟೆಲ್ಲ ಆಗಿ ಕೈ ತೊಳೆಯಲಿಕ್ಕೆ ಎದ್ದರೆ ಮನೆಯ ಯಜಮಾನರು ಬಂದು "ಎಂತ ಮಾರಾಯ್ರೆ, ನೀವು ಊಟವೇ ಮಾಡಲಿಲ್ಲ" ಎನ್ನುತ್ತಾರೆ. ಈ ಒತ್ತಾಯ ನಮ್ಮಲ್ಲಿ ಪ್ರೀತಿ. ಬರೇ ಮದುವೆ ಮನೆಯಲ್ಲಿ ಅಲ್ಲ, ದಿನದ ಊಟದಲ್ಲೂ ಇದೇ ನಡೆಯುತ್ತದೆ. ಪಾತ್ರೆಯಲ್ಲಿ ಒಂದು ಸೌಟು ಉಳಿದರೆ ಅದನ್ನು ಯಾರ ಬಟ್ಟಲಿಗಾದರೂ ಹಾಕದೆ ನಮ್ಮ ಮನೆಯ ಹೆಂಗಸರಿಗೆ ಸಮಾಧಾನವಿಲ್ಲ.

ಡಬ್ಬಿಗೆ ಈ ಪ್ರೀತಿ ಇಲ್ಲ. ಮುಗಿದರೆ ಮುಗಿಯಿತು, ಅದರ ಹಿಂದೆ ಪಾತ್ರೆ ಇಲ್ಲ, ಸೌಟು ಹಿಡಿದು ನಿಂತವರಿಲ್ಲ. ಕ್ಯಾಲೊರಿ ಚೀಟಿ, ಪ್ರೊಟೀನ್ ಲೆಕ್ಕ, ಬ್ರೊಕೊಲಿ ಎಲ್ಲ ಒಪ್ಪೋಣ. ಆದರೆ ನಾವು ತಿಂಗಳ ದುಡ್ಡು ಕಟ್ಟುವುದು ಮುಖ್ಯವಾಗಿ ಎರಡನೇ ಸಲ ಬಡಿಸದೆ ಇರುವುದಕ್ಕೆ. ಅಷ್ಟು ದುಡ್ಡಿಗೆ ನಮ್ಮ ಮನೆಯ ತಿಂಗಳ ಜೀನಸು ಬರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಸುಳ್ಳಲ್ಲ. ಆದರೂ ಒಂದು ಮಾತು ಸೇರಿಸಬೇಕು. ಮನೆಯ ಗಂಡಸು ತೂಕ ಇಳಿಸಲಿಕ್ಕೆ ಹೊರಟರೆ ಹೆಂಗಸು ಎರಡೆರಡು ಅಡುಗೆ ಮಾಡಬೇಕಾಗುತ್ತದೆ, ಅವನಿಗೆ ಬೇರೆ, ಉಳಿದವರಿಗೆ ಬೇರೆ. ಅವಳ ಸೊಂಟನೋವನ್ನು, ಅವಳ ತೂಕವನ್ನು ಯಾರೂ ಕೇಳುವುದಿಲ್ಲ. ಡಬ್ಬಿ ಬಂದ ದಿನಗಳಲ್ಲಿ ಅವಳಿಗೆ ಮಧ್ಯಾಹ್ನ ಒಂದು ಗಂಟೆ ಕಾದಂಬರಿ ಓದಲಿಕ್ಕೆ ಸಿಕ್ಕಿತು. ಅದನ್ನು ಯಾವ ಚೀಟಿಯಲ್ಲೂ ಬರೆದಿರಲಿಲ್ಲ.

ತೂಕ ಹೇಗೆ ಏರುತ್ತದೆ ಎಂಬುದನ್ನು ಬ್ಯಾಂಕಿನವನಾದ ನಾನು ಬ್ಯಾಂಕಿನ ಭಾಷೆಯಲ್ಲೇ ಹೇಳಬೇಕು. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಏಜೆಂಟ್ ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುವುದು. ಕೊಟ್ಟವನಿಗೆ ಕೊಟ್ಟದ್ದೇ ಗೊತ್ತಾಗುವುದಿಲ್ಲ, ವರ್ಷದ ಕೊನೆಗೆ ಗಂಟು ಕಾಣುತ್ತದೆ. ಹೊಟ್ಟೆಯದ್ದೂ ಹಾಗೆಯೇ. ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ ಎನ್ನುತ್ತಾರೆ. ಸಂಜೆ ಚಾಕ್ಕೆ ಗೋಳಿಬಜೆ ಸೇರಿಸಿಕೊಂಡು ದಿನಕ್ಕೆ ನೂರು ಕ್ಯಾಲೊರಿ ಹೆಚ್ಚು ಕಟ್ಟಿದರೂ ಕಾಗದದ ಮೇಲೆ ವರ್ಷಕ್ಕೆ ನಾಲ್ಕೂವರೆ ಕಿಲೊ ದಾಟುತ್ತದೆ. ಮೈ ಏರಿದಂತೆ ಖರ್ಚೂ ಏರುವುದರಿಂದ ನಿಜವಾಗಿ ಅಷ್ಟು ಆಗುವುದಿಲ್ಲ, ಬಡ್ಡಿಯ ಲೆಕ್ಕ ಇಲ್ಲಿ ಉಲ್ಟಾ. ಆದರೂ ಗಂಟು ಗಂಟೇ.

ಇಳಿಸುವುದೂ ಇದೇ ದಾರಿಯಲ್ಲಿ, ನಿಧಾನಕ್ಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ವಾರಕ್ಕೆ ಅರ್ಧ ಕಿಲೊ ಇಳಿಸುವುದು ಸುರಕ್ಷಿತ, ತೂಕ ಇಳಿಸಲಿಕ್ಕೆಂದು ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗೆ ಹೋಗಬೇಡಿ ಎನ್ನುತ್ತಾರೆ. "ಒಂದು ವಾರದಲ್ಲಿ ಮೂರು ಕಿಲೊ" ಎಂದು ಫಲಕ ಹಾಕಿಕೊಳ್ಳುವವರು ಸುಳ್ಳು ಹೇಳುತ್ತಾರೆ ಎನ್ನಲಾರೆ. ಇಳಿಯುತ್ತದೆ, ಆದರೆ ಮೊದಲ ವಾರ ಇಳಿಯುವುದರಲ್ಲಿ ಹೆಚ್ಚಿನದ್ದು ನೀರು. ನಮ್ಮ ಪಿತ್ತಜನಕಾಂಗ, ಸ್ನಾಯುಗಳಲ್ಲಿ ತುರ್ತಿಗೆಂದು ಕೂಡಿಟ್ಟ ಗ್ಲೈಕೊಜೆನ್ ಎಂಬ ಪಿಷ್ಟ ಇರುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಮೂರು ಗ್ರಾಮಿನಷ್ಟು ನೀರು. ಅನ್ನ ಕಡಿಮೆಯಾದ ಕೂಡಲೇ ಪಿಷ್ಟ ಖರ್ಚಾಗುತ್ತದೆ, ನೀರೂ ಹೋಗುತ್ತದೆ. ಒಂದು ದಿನ ಮದುವೆ ಊಟ ಮಾಡಿ ಬನ್ನಿ, ಮರುದಿನವೇ ಅಷ್ಟೂ ತಿರುಗಿ ಬಂದಿರುತ್ತದೆ.

ಬೇರೆಯವರು ಗೊತ್ತು ಮಾಡಿದ ಊಟವನ್ನು ಮಾತಾಡದೆ ಉಣ್ಣುವುದು ಈ ಜಿಲ್ಲೆಗೆ ಹೊಸತೇನೂ ಅಲ್ಲ. ಅಷ್ಟಮಠಗಳ ಊರಿನಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ನಾಲ್ಕು ವ್ರತ. ಮೊದಲ ತಿಂಗಳು ತರಕಾರಿ ಬಿಡುವ ಶಾಕವ್ರತ, ಎರಡನೆಯದ್ದು ಮೊಸರು ಬಿಡುವ ದಧಿವ್ರತ, ಮೂರನೆಯದ್ದು ಹಾಲು ಬಿಡುವ ಕ್ಷೀರವ್ರತ, ನಾಲ್ಕನೆಯದ್ದು ಬೇಳೆಕಾಳು ಬಿಡುವ ದ್ವಿದಳವ್ರತ. ನಮ್ಮದು ಮೀನು ತಿನ್ನುವ ಮನೆ, ವ್ರತದಡುಗೆಯ ರುಚಿ ಗೊತ್ತಿರುವುದು ನೆರೆಮನೆಯ ಭಟ್ಟರಿಂದ. ಬೇಳೆ ಇಲ್ಲದೆ ಹುಳಿ, ಒಣಮೆಣಸು ಇಲ್ಲದೆ ಖಾರ ಮಾಡುವ ಅವರ ಮನೆಯವರ ಜಾಣ್ಮೆ ನೋಡಿ ಬೆರಗಾಗಿದ್ದೇನೆ. ಇದರ ಉದ್ದೇಶ ತೂಕ ಇಳಿಸುವುದಲ್ಲ ಬಿಡಿ. ಏಕಾದಶಿಯೂ ಅಷ್ಟೇ. ಕಟ್ಟುನಿಟ್ಟಾಗಿ ಮಾಡುವವರು ನೀರನ್ನೂ ಮುಟ್ಟುವುದಿಲ್ಲ. ಫಲಾಹಾರದ ಏಕಾದಶಿ ಮಾಡುವವರ ಅವಲಕ್ಕಿ, ಸಾಬಕ್ಕಿ, ಬಾಳೆಹಣ್ಣಿನ ಲೆಕ್ಕ ಹಾಕಿದರೆ ಊಟವೇ ಹಗುರವಾಗಿತ್ತು ಎಂದು ಭಟ್ಟರೇ ನಗುತ್ತಾರೆ.

ಕಾರ್ಕಳದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಜೈನರು. ಶಾಖೆಯಲ್ಲಿ ಲೆಕ್ಕ ತಾಳೆಯಾಗದೆ ತಡವಾಗುವ ದಿನಗಳಲ್ಲಿ ಅವರು ಐದೂವರೆಗೇ ಬುತ್ತಿ ಬಿಚ್ಚುತ್ತಿದ್ದರು, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ನಾವು ತಮಾಷೆ ಮಾಡುತ್ತಿದ್ದೆವು. ಈಗ ಅದನ್ನೇ ಹೊಸ ಹೆಸರಿಟ್ಟು ಮೊಬೈಲಿನಲ್ಲಿ ಗಂಟೆ ಬಾರಿಸಿಕೊಂಡು ಮಾಡುತ್ತಾರೆ. ಚೀನಾದ ಗ್ವಾಂಗ್‌ಝೌನಲ್ಲಿ 139 ಮಂದಿ ಬೊಜ್ಜಿನವರನ್ನು ಎರಡು ಗುಂಪು ಮಾಡಿ ಎರಡಕ್ಕೂ ಒಂದೇ ಕ್ಯಾಲೊರಿ ಮಿತಿ ಕೊಟ್ಟರು. ಒಂದು ಗುಂಪು ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ತಿನ್ನಬೇಕಿತ್ತು. ವರ್ಷದ ಕೊನೆಗೆ ಅವರದ್ದು ಸರಾಸರಿ 8 ಕಿಲೊ ಇಳಿಯಿತು, ಇನ್ನೊಂದು ಗುಂಪಿನದ್ದು 6.3. ಇದು ಹೇಳಿಕೊಳ್ಳುವಷ್ಟು ವ್ಯತ್ಯಾಸವಲ್ಲ ಎಂದು 2022ರಲ್ಲಿ ಬರೆದರು. ಹೊತ್ತಿಗಿಂತ ಅಳತೆ ದೊಡ್ಡದು ಎಂದಾಯಿತು. ಆದರೆ ನನ್ನ ಸಹೋದ್ಯೋಗಿ ಎಪ್ಪತ್ತು ದಾಟಿದರೂ ಕಡ್ಡಿಯ ಹಾಗಿದ್ದಾರೆ. ರಾತ್ರಿ ಒಂಬತ್ತಕ್ಕೆ ಟಿ.ವಿ. ಮುಂದೆ ಕೂತು ಚಕ್ಕುಲಿ ಮುರಿಯುವ ಅವಕಾಶವೇ ಅವರಿಗಿಲ್ಲವಲ್ಲ.

ಪೂರ್ತಿ ಡಬ್ಬಿಯ ಪದ್ಧತಿಗೆ ತೀರಾ ಹತ್ತಿರದ್ದು ನಮ್ಮ ಪ್ರಕೃತಿ ಚಿಕಿತ್ಸಾಲಯಗಳು. ಮಣಿಪಾಲದಿಂದ ಪರ್ಕಳ ದಾಟಿ ಆತ್ರಾಡಿ ಕಡೆಗೆ ಹೋದರೆ ಪರೀಕದಲ್ಲಿ ಧರ್ಮಸ್ಥಳದವರ ಸೌಖ್ಯವನ ಉಂಟು, ಧರ್ಮಸ್ಥಳದಲ್ಲಿ ಶಾಂತಿವನ. ಅಲ್ಲಿ ಸೇರಿದವರಿಗೆ ವೈದ್ಯರು ಬರೆದುಕೊಟ್ಟದ್ದೇ ಊಟ. ನಿಮಗೆ ಹಣ್ಣಿನ ರಸ ಎಂದು ಬರೆದಿದ್ದರೆ ಪಕ್ಕದವರ ತಟ್ಟೆಯಲ್ಲಿ ಚಪಾತಿ ಇದ್ದರೂ ನಿಮಗೆ ಹಣ್ಣಿನ ರಸವೇ. ಹೋಗಿ ಬಂದವರು ಹೇಳುವ ಮಾತು ಒಂದೇ ರೀತಿ ಇರುತ್ತದೆ: "ಅಲ್ಲಿದ್ದಾಗ ಹಸಿವೇ ಆಗಲಿಲ್ಲ ಮಾರಾಯ್ರೆ, ಮನೆಗೆ ಬಂದ ಮೇಲೆ ಶುರುವಾಯಿತು." ಇದು ಮನೆಯ ತಪ್ಪೂ ಅಲ್ಲ, ಹಸಿವಿನ ತಪ್ಪೂ ಅಲ್ಲ. ಕಣ್ಣಿಗೆ ಬೀಳದ ಬನ್ಸಿಗೆ ಹಸಿವಾಗುವುದಿಲ್ಲ, ಅಷ್ಟೇ.

ಹೊರದೇಶದಲ್ಲಿ ಈ ವ್ಯಾಪಾರಕ್ಕೆ ಅರವತ್ತು ವರ್ಷಗಳ ಚರಿತ್ರೆ ಇದೆ. 1963ರಲ್ಲಿ ನ್ಯೂಯಾರ್ಕಿನ ಗೃಹಿಣಿ ಜೀನ್ ನೈಡೆಚ್ ಗೆಳತಿಯರನ್ನು ಮನೆಗೆ ಕರೆದು ಮಾಡುತ್ತಿದ್ದ ಸಭೆಗಳಿಂದ ವೇಟ್ ವಾಚರ್ಸ್ ಹುಟ್ಟಿತು. 1972ರಲ್ಲಿ ನ್ಯೂಟ್ರಿಸಿಸ್ಟಮ್, 1983ರಲ್ಲಿ ಮೆಲ್ಬರ್ನಿನಲ್ಲಿ ಜೆನ್ನಿ ಕ್ರೇಗ್. ಕೊನೆಯ ಎರಡೂ ಊಟವನ್ನೇ ಪೊಟ್ಟಣ ಕಟ್ಟಿ ಮಾರಿದವು. ಜೆನ್ನಿ ಕ್ರೇಗ್ 2023ರಲ್ಲಿ ದಿವಾಳಿಯಾಯಿತು, ಹೆಸರನ್ನು ಬೇರೆಯವರು ಕೊಂಡರು. ಈಗ ವಾರಕ್ಕೊಂದು ಚುಚ್ಚುಮದ್ದಿನ ಕಾಲ. 2025ರಲ್ಲಿ ಅದು ನಮ್ಮ ದೇಶದ ಔಷಧದಂಗಡಿಗಳಿಗೂ ಬಂದಿದೆ. ಅದು ಡಾಕ್ಟರ ಕೈಯಲ್ಲಿರುವ ವಿಷಯ, ನಾನು ಬಾಯಿ ಹಾಕುವುದಿಲ್ಲ.

ಸಿದ್ಧ ಅಡುಗೆಯನ್ನು ಪೊಟ್ಟಣಕ್ಕೆ ತುಂಬುವುದರಲ್ಲಿ ನಮ್ಮ ಕಡೆಯವರೂ ಹಿಂದೆ ಬಿದ್ದವರಲ್ಲ. ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಹೋಟೆಲೇ ಎಂ.ಟಿ.ಆರ್. ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ದರ ಇಳಿಸಬೇಕೆಂಬ ಆಜ್ಞೆ ಬಂದು ಹೋಟೆಲು ನಡೆಸುವುದು ಕಷ್ಟವಾದಾಗ ರವೆ ಇಡ್ಲಿಯ ಮಿಶ್ರಣವನ್ನು ಪೊಟ್ಟಣ ಮಾಡಿ ಮಾರಿದರು. ಅದು ಸಮಯ ಉಳಿಸುವ ಪೊಟ್ಟಣ. ತೂಕ ಉಳಿಸಿಕೊಡುತ್ತೇನೆ ಎಂದು ಅದು ಯಾವತ್ತೂ ಹೇಳಿಲ್ಲ.

ನನ್ನ ತಂಗಿಯನ್ನು ಕೊಟ್ಟದ್ದು ಕಾಪುವಿಗೆ. ಭಾವ ಬಹಳ ವರ್ಷ ದುಬೈಯಲ್ಲಿದ್ದವರು. ಅಲ್ಲಿ ಈ ಡಬ್ಬಿಯ ವ್ಯಾಪಾರ ನಮಗಿಂತ ಎಷ್ಟೋ ಮುಂದಿದೆ. ಬೆಳಗಿನ ಜಾವ ಬಾಗಿಲ ಹೊರಗೆ ಐಸ್ ತುಂಡಿನ ಜೊತೆ ದಿನದ ಊಟದ ಚೀಲ ಇಟ್ಟು ಹಿಂದಿನ ದಿನದ ಖಾಲಿ ಚೀಲ ಒಯ್ಯುತ್ತಾರಂತೆ. ಭಾವ ಅಲ್ಲಿ ಚೆನ್ನಾಗಿ ಇಳಿದರು. ರಜೆಗೆ ಊರಿಗೆ ಬಂದರು, ಮದುವೆ ಸೀಸನ್ನು. ನಾಲ್ಕು ಮದುವೆ, ಎರಡು ಗೃಹಪ್ರವೇಶ, ಒಂದು ಕೋಲ. ವಾಪಸು ಹೋಗುವಾಗ ಪ್ಯಾಂಟಿನ ಬೆಲ್ಟು ಮೊದಲಿನ ತೂತಿಗೇ ಬಂತು ಎಂದು ಅವರೇ ಹೇಳಿದ್ದು. ಡಬ್ಬಿ ಅವರಿಗೆ ಊಟ ಕೊಟ್ಟಿತ್ತು, ಅಳತೆ ಕಲಿಸಿರಲಿಲ್ಲ. ಡಬ್ಬಿ ನಿಲ್ಲುವ ದಿನ ಬಂದೇ ಬರುತ್ತದೆ, ಪರೀಕ್ಷೆ ಇರುವುದು ಅವತ್ತಿನಿಂದ.

ಬ್ರಿಟನ್ನಿನ ವೈದ್ಯರು ಇದನ್ನು ಸರಿಯಾಗಿ ಗುರುತಿಸಿದರು. ಸಕ್ಕರೆ ಕಾಯಿಲೆಯವರಿಗೆ ಮೂರರಿಂದ ಐದು ತಿಂಗಳು ಬರೇ ಸೂಪು, ಶೇಕುಗಳ ಪುಡಿ ಕೊಟ್ಟು ದಿನಕ್ಕೆ ಸುಮಾರು 850 ಕ್ಯಾಲೊರಿಯಲ್ಲೇ ಇಟ್ಟರು, ವೈದ್ಯರ ಕಣ್ಗಾವಲಿನಲ್ಲಿ. ಆಮೇಲೆ ಒಮ್ಮೆಲೇ ಕೈಬಿಡದೆ ವಾರಗಟ್ಟಲೆ ಒಂದೊಂದೇ ಊಟವನ್ನು ಮರಳಿ ಕೂಡಿಸಿದರು. ವರ್ಷ ತುಂಬುವಾಗ ನೂರಕ್ಕೆ 46 ಮಂದಿಗೆ ಔಷಧಿಯಿಲ್ಲದೆ ಸಕ್ಕರೆ ಹತೋಟಿಗೆ ಬಂದಿತ್ತು. 2017ರ ಮಾತು. ಮನೆಯಲ್ಲಿ ನೋಡಿ ಮಾಡುವ ಕೆಲಸ ಇದಲ್ಲ. ನನಗೆ ಅದರಲ್ಲಿ ಹಿಡಿಸಿದ್ದು ಊಟವನ್ನು ಮರಳಿ ಕೂಡಿಸುವ ಆ ವಾರಗಳು. ನಮ್ಮ ಡಬ್ಬಿಯವರು ತಿಂಗಳು ಮುಗಿದ ಕೂಡಲೇ ಇನ್ನೊಂದು ತಿಂಗಳಿಗೆ ದುಡ್ಡು ಕಟ್ಟಿ ಎನ್ನುತ್ತಾರೆಯೇ ಹೊರತು ಮನೆಯ ಊಟಕ್ಕೆ ಹೇಗೆ ಮರಳಬೇಕೆಂದು ಹೇಳಿಕೊಡುವುದಿಲ್ಲ.

ಭಾವ ಈಗ ಊರಲ್ಲೇ ಇದ್ದಾರೆ. ಹೇಳಿಕೊಡುವ ಕೆಲಸವನ್ನು ತಂಗಿಯೇ ವಹಿಸಿಕೊಂಡಿದ್ದಾಳೆ. ದುಬೈ ಡಬ್ಬಿಯ ಅನ್ನದ ಮನೆ ಎಷ್ಟು ದೊಡ್ಡದಿತ್ತು ಎಂದು ಕೇಳಿ, ಅಷ್ಟೇ ಹಿಡಿಯುವ ಒಂದು ಸ್ಟೀಲಿನ ಬಟ್ಟಲು ಗೊತ್ತು ಮಾಡಿದಳು. ಕುಚ್ಚಲಕ್ಕಿ ಅನ್ನ ಆ ಬಟ್ಟಲಿನಲ್ಲಿ ಒಂದೇ ಸಲ. ಗಂಜಿಯಾದರೆ ತಿಳಿ ಎಷ್ಟು ಬೇಕಾದರೂ ಕುಡಿಯಬಹುದು, ಅಗುಳು ಮಾತ್ರ ಬಟ್ಟಲಿನ ಲೆಕ್ಕ. ಮೀನು ಬಿಡಿಸಲಿಲ್ಲ. ರವೆ ಹಚ್ಚಿ ಕಾವಲಿಯಲ್ಲಿ ಹುರಿಯುವುದನ್ನು ವಾರಕ್ಕೊಮ್ಮೆಗೆ ಇಳಿಸಿದಳು, ಆ ರವೆ ಎಣ್ಣೆಯನ್ನು ಹೀರಿಕೊಂಡು ಕೂರುತ್ತದಲ್ಲ. ಬಾಕಿ ದಿನ ಬಂಗುಡೆ ಪುಳಿಮುಂಚಿ. ಒಣಮೆಣಸು, ಹುಳಿ, ಬೆಳ್ಳುಳ್ಳಿ, ಶುಂಠಿ, ತೆಂಗಿನಕಾಯಿ ಇಲ್ಲ. ಮಣ್ಣಿನ ಪಾತ್ರೆಯಲ್ಲಿ ಮಸಾಲೆ ಕುದಿ ಬಂದ ಮೇಲೆ ಮೀನು ಇಳಿಸಿ, ಸೌಟು ಹಾಕದೆ ಪಾತ್ರೆಯನ್ನೇ ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾಳೆ, ಮೀನು ಒಡೆಯಬಾರದು. ಎಣ್ಣೆ ಒಂದು ಚಮಚವೂ ಇಲ್ಲದೆ ಮುಗಿಯುತ್ತದೆ. ಬಂಗುಡೆ, ಬೂತಾಯಿಯಲ್ಲಿ ಪ್ರೊಟೀನ್ ಉಂಟು, ಹೃದಯಕ್ಕೆ ಒಳ್ಳೆಯದೆನ್ನುವ ಒಮೆಗಾ-3 ಕೊಬ್ಬೂ ಉಂಟು. ಡಬ್ಬಿಯವರ ಒಣ ಕೋಳಿ ಎದೆಯ ಮುಂದೆ ಇದನ್ನಿಟ್ಟು ನೋಡಿ, ಯಾರು ಬೇಕಾದರೂ ತೀರ್ಪು ಕೊಡಬಹುದು. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯದ 61 ದಿನ ಸ್ವಲ್ಪ ಕಷ್ಟ. ಆಗ ಒಣಮೀನಿನ ಕಡೆ ಕೈ ಹೋಗುತ್ತದೆ. ದಿನಕ್ಕೆ 5 ಗ್ರಾಂ ಉಪ್ಪು ಸಾಕು ಎನ್ನುವ ವೈದ್ಯರು ಒಣಮೀನಿನ ಚಟ್ನಿ ತಿಂದವರಲ್ಲ ಎಂದು ಭಾವನ ವಾದ.

ಸಸ್ಯಾಹಾರಿಗಳಿಗೂ ಇಲ್ಲಿ ದಾರಿ ಮುಚ್ಚಿಲ್ಲ. ಹಬೆಯಲ್ಲಿ ಬೇಯಿಸುವುದನ್ನು ಯಾರಾದರೂ ನಮಗೆ ಕಲಿಸಬೇಕಾ? ಕಡುಬು, ಮೂಡೆ, ಪುಂಡಿ, ಆಟಿ ತಿಂಗಳ ಪತ್ರೊಡೆ ಎಲ್ಲ ಹಬೆಯವೇ. ಒಂದೆಲಗದ ತಂಬುಳಿ, ಹರಿವೆ ಪಲ್ಯ, ಬಸಳೆ, ಕಟಪಾಡಿಯ ಹತ್ತಿರದ ಮಟ್ಟುವಿನ ಗುಳ್ಳ, ಕಾರ್ಕಳದ ಬಿಳಿಬೆಂಡೆ. ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಅದನ್ನು ಬಿಟ್ಟು ಬ್ರೊಕೊಲಿಗೆ ಜೋತುಬೀಳುವುದು ನನಗೆ ಸರಿಕಾಣುವುದಿಲ್ಲ. ತೊಂದರೆ ಇರುವುದು ಸಂಜೆಯ ನಾಲ್ಕರಿಂದ ಆರರವರೆಗೆ, ಗೋಳಿಬಜೆ, ಬನ್ಸು, ಅಂಬೊಡೆಗಳ ಹೊತ್ತಿಗೆ. ಊಟದಲ್ಲಿ ಉಳಿಸಿದ್ದನ್ನೆಲ್ಲ ಆ ಎರಡು ಗಂಟೆ ಹೊಡೆದುಕೊಂಡು ಹೋಗುತ್ತದೆ. ಯಾವ ಡಬ್ಬಿಯೂ ಆ ಹೊತ್ತಿಗೆ ಕಾವಲು ಕಾಯುವುದಿಲ್ಲ.

ಹಾಗಾದರೆ ಡಬ್ಬಿ ತರಿಸಬೇಕಾ ಬೇಡವಾ? ತರಿಸಿ ಎಂದೇ ನನ್ನ ಅಭಿಪ್ರಾಯ, ಒಂದು ಹೊತ್ತಿನದ್ದು, ಒಂದೆರಡು ತಿಂಗಳಿನ ಮಟ್ಟಿಗೆ. ಬಂದ ದಿನ ತೂಗಿ, ನಿಮ್ಮ ಮನೆಯ ಬಟ್ಟಲಿನಲ್ಲಿ ಅದು ಎಲ್ಲಿಯವರೆಗೆ ಬರುತ್ತದೆ ನೋಡಿ. ಪುಡಿ, ಪ್ರೊಟೀನ್ ಬಾರು, ಬಿಸಿನೀರು ಹಾಕಿದರೆ ಊಟವಾಗುವ ಪೊಟ್ಟಣ ಮಾರುವವರಿಂದ ಸ್ವಲ್ಪ ದೂರ ಇರಿ. 2019ರಲ್ಲಿ ಅಮೆರಿಕದ ಸಂಶೋಧಕರು 20 ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ಆಹಾರ, ಎರಡು ವಾರ ಅಡುಗೆಮನೆಯ ಆಹಾರ ಕೊಟ್ಟರು. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲ ಸಮಸಮ, ಬೇಕಾದಷ್ಟು ತಿನ್ನಬಹುದು. ಕಾರ್ಖಾನೆಯದ್ದು ತಿಂದಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಹೊಟ್ಟೆಗಿಳಿಸಿದರು. ಡಯಟ್ ಎಂದು ಬರೆದದ್ದೆಲ್ಲ ಡಯಟ್ ಅಲ್ಲ.

ಡಬ್ಬಿ ಮಾಡುವ ಅಡುಗೆಮನೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನಂಬರು ಇರಬೇಕು, ಅದನ್ನು ಕೇಳಲಿಕ್ಕೆ ನಾಚಿಕೆ ಬೇಡ. ಚೀಟಿಯಲ್ಲಿರುವ ಕ್ಯಾಲೊರಿ ಯಾರು ಲೆಕ್ಕ ಹಾಕಿದ್ದು ಎಂದೂ ಕೇಳಿ. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಊಟ ಇಳಿಸಲೇಬಾರದು, ಸಕ್ಕರೆ ಒಮ್ಮೆಲೇ ಕುಸಿದು ತಲೆಸುತ್ತಿ ಬೀಳುವ ಅಪಾಯ ಉಂಟು. ಮೂತ್ರಪಿಂಡದ ತೊಂದರೆ ಇರುವವರು ಪ್ರೊಟೀನ್ ಹೆಚ್ಚಿರುವ ಡಬ್ಬಿಗೆ ಕೈ ಹಾಕುವ ಮೊದಲು ಕೇಳಬೇಕು. ಬಸುರಿಯರಿಗೆ, ಬೆಳೆಯುವ ಮಕ್ಕಳಿಗೆ ಇದು ಬೇಡವೇ ಬೇಡ. ಮಣಿಪಾಲದ ಕಸ್ತೂರ್ಬಾದಂಥ ದೊಡ್ಡ ಆಸ್ಪತ್ರೆಗಳಲ್ಲಿ ಡಯಟೀಷಿಯನ್ನರು ಇರುತ್ತಾರೆ, ಅವರ ಹತ್ತಿರ ಕೂತು ಒಮ್ಮೆ ಮಾತಾಡಿದರೆ ತಿಂಗಳ ಡಬ್ಬಿಗಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಕಲಿಯಬಹುದು.

ನಮ್ಮ ಮನೆಗೆ ಈಗ ಡಬ್ಬಿ ಬರುವುದು ಅಪರೂಪಕ್ಕೆ, ಹೆಂಡತಿ ಕಾರ್ಕಳದ ತವರಿಗೆ ಹೋದಾಗ. ಮೊನ್ನೆ ಹಾಗೆ ತರಿಸಿದಾಗ ಅಡುಗೆ ಮಾಡುವ ಮಹಿಳೆಗೇ ಫೋನು ಮಾಡಿದೆ. "ಎಲ್ಲ ಸರಿ ಇದೆ ಅಮ್ಮ, ಆದರೆ ಬ್ರೊಕೊಲಿಯ ಜಾಗದಲ್ಲಿ ಒಂದು ದಿನ ಬಸಳೆ ಹಾಕಬಾರದಾ?" ಎಂದು ಕೇಳಿದೆ. ಅವರು ನಕ್ಕರು. "ನಮಗೂ ಆಸೆ ಉಂಟು ಸಾರ್. ಬ್ರೊಕೊಲಿಯನ್ನು ಒಬ್ಬಳು ಹುಡುಗಿ ಹತ್ತು ನಿಮಿಷದಲ್ಲಿ ಬಿಡಿಸಿ ಮುಗಿಸುತ್ತಾಳೆ. ನಲ್ವತ್ತು ಡಬ್ಬಿಗೆ ಬಸಳೆ ದಂಟು ಸೋಸಿ ತುಂಡು ಮಾಡಿ ಕೊಡುವವರು ಎಲ್ಲಿದ್ದಾರೆ? ಕಾಪು, ಕಾರ್ಕಳದಲ್ಲಿ ಯಾರಾದರೂ ಗೊತ್ತಿದ್ದರೆ ಹೇಳಿ, ಬಸ್ಸಿನ ಚಾರ್ಜೂ ಕೊಡುತ್ತೇನೆ."

ಗೊತ್ತಿರುವವರು ತಿಳಿಸಬಹುದು.